ಹಿತ್ತಲಿನ ಗೋದಾಮಿಗೂ ವೈ-ಫೈ: ಕಿರುಗಣಕದ ನೆರವು ಮತ್ತು ಮಿತಿ

ಮನೆಯ ಮುಂಭಾಗದಲ್ಲಿ ಕಚೇರಿ, ಹಿತ್ತಲಿನಲ್ಲಿ ಗೋದಾಮು ಇಲ್ಲವೇ ತಯಾರಿಕೆಯ ಶೆಡ್ಡು: ರಾಜ್ಯದ ಅನೇಕ ಸಣ್ಣ ಉದ್ದಿಮೆಗಳ ಸ್ವರೂಪವಿದು. ಐವತ್ತು ಸಾವಿರ ರೂಪಾಯಿಗೂ ಮೀರಿದ ಸರಕಿನ ಅಂತರರಾಜ್ಯ ಸಾಗಾಟಕ್ಕೆ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಕಡ್ಡಾಯವಾದ ಮೇಲೆ, ಲಾರಿ ಹೊರಡುವ ಸ್ಥಳದಲ್ಲಿಯೇ ಅಂತರಜಾಲ ಸಂಪರ್ಕವಿರುವುದು ಅನುಕೂಲವಷ್ಟೇ ಅಲ್ಲ, ಅಗತ್ಯವೂ ಆಗಿದೆ. ಆದರೆ ಕಚೇರಿಯ ವೈ-ಫೈ ಸಂಕೇತವು ಹಿತ್ತಲನ್ನು ತಲುಪುವುದು ಅಪರೂಪ. ಈ ಕೊರತೆಯನ್ನು ಒಂದೇ ಫಲಕದ ಕಿರುಗಣಕದಿಂದ ನೀಗಿಸಿಕೊಳ್ಳುವ ಬಗೆಯನ್ನೂ, ಅದು ಎಲ್ಲಿ ಲಾಭಕರ, ಎಲ್ಲಿ ಅಲ್ಲ ಎಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಸಂಕೇತ ಕ್ಷೀಣಿಸುವುದೇಕೆ?

ವೈ-ಫೈ ಎಂಬುದು ರೇಡಿಯೋ ತರಂಗ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸಂಕೇತದ ಶಕ್ತಿ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನಡುವೆ ಇಟ್ಟಿಗೆಯ ಗೋಡೆಯಿದ್ದರೆ ಮತ್ತಷ್ಟು ನಷ್ಟ. ಕಬ್ಬಿಣದ ಸರಳುಗಳುಳ್ಳ ಕಾಂಕ್ರೀಟ್ ಇದ್ದರೆ ಇನ್ನೂ ಹೆಚ್ಚು. ತಗಡಿನ ಹೊದಿಕೆಯ ಶೆಡ್ಡಂತೂ ತರಂಗವನ್ನು ಬಹುಮಟ್ಟಿಗೆ ಹೊರಗೇ ತಡೆದುಬಿಡುತ್ತದೆ. 2.4 ಗಿಗಾಹರ್ಟ್ಸ್ ತರಂಗವು ಗೋಡೆಗಳನ್ನು ದಾಟಿ ಹೆಚ್ಚು ದೂರ ಸಾಗುತ್ತದೆ. 5 ಗಿಗಾಹರ್ಟ್ಸ್ ತರಂಗಕ್ಕೆ ವೇಗ ಹೆಚ್ಚು, ವ್ಯಾಪ್ತಿ ಕಡಿಮೆ.

ಕಿರುಗಣಕದ ಪರಿಚಯ

ಈ ವರ್ಗದ ಯಂತ್ರಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ರಾಸ್ಪ್‌ಬೆರಿ ಪೈ. ಮಕ್ಕಳಿಗೆ ಗಣಕವಿಜ್ಞಾನ ಕಲಿಸುವ ಉದ್ದೇಶದಿಂದ ಬ್ರಿಟನ್ನಿನ ಕೇಂಬ್ರಿಜ್‌ನ ರಾಸ್ಪ್‌ಬೆರಿ ಪೈ ಪ್ರತಿಷ್ಠಾನವು 2012ರ ಫೆಬ್ರವರಿ 29ರಂದು ಇದರ ಮೊದಲ ಮಾದರಿಯನ್ನು 35 ಡಾಲರ್ ಬೆಲೆಗೆ ಬಿಡುಗಡೆ ಮಾಡಿತು. 2016ರಲ್ಲಿ ಬಂದ ಮೂರನೆಯ ಪೀಳಿಗೆಯಲ್ಲಿ ವೈ-ಫೈ ಫಲಕದಲ್ಲಿಯೇ ಅಡಕವಾಯಿತು. 2018ರ ಸುಧಾರಿತ ಮಾದರಿಯು 5 ಗಿಗಾಹರ್ಟ್ಸ್ ಸೌಲಭ್ಯವನ್ನೂ ಪಡೆಯಿತು. ಗಾತ್ರದಲ್ಲಿ ಬ್ಯಾಂಕ್ ಕಾರ್ಡಿನಷ್ಟಿದ್ದರೂ ಇದು ಲಿನಕ್ಸ್ ತಂತ್ರಾಂಶ ನಡೆಸಬಲ್ಲ ಪೂರ್ಣ ಪ್ರಮಾಣದ ಗಣಕ. ಉಚಿತವಾಗಿ ದೊರೆಯುವ ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶವನ್ನು ಮೆಮರಿ ಕಾರ್ಡಿಗೆ ಬರೆದು ಅಳವಡಿಸಿದರೆ ಇದೇ ಫಲಕ ರೂಟರ್ ಆಗಿ ಕೆಲಸ ಮಾಡುತ್ತದೆ.

ಜೋಡಣೆಯ ಎರಡು ಮಾರ್ಗಗಳು

ಮೊದಲನೆಯದು ತಂತಿಯ ಮಾರ್ಗ. ಕಚೇರಿಯ ರೂಟರ್‌ನಿಂದ ಗೋದಾಮಿನವರೆಗೆ ನೆಟ್‌ವರ್ಕ್ ಕೇಬಲ್ ಎಳೆದು, ಅದರ ತುದಿಯಲ್ಲಿ ಕಿರುಗಣಕವನ್ನಿಟ್ಟು, ಅಲ್ಲಿಂದ ಹೊಸದಾಗಿ ವೈ-ಫೈ ಪ್ರಸಾರ ಮಾಡುವುದು. ಸಾಮಾನ್ಯ ತಾಮ್ರದ ಕೇಬಲ್ 100 ಮೀಟರ್‌ವರೆಗೆ ಸಾಕಾಗುತ್ತದೆ. ವೇಗ ಕುಂದುವುದಿಲ್ಲ, ಎರಡೂ ಕಡೆಯ ಯಂತ್ರಗಳು ಒಂದೇ ಜಾಲದಲ್ಲಿರುವಂತೆ ಹೊಂದಿಸಬಹುದು. ಸಾಧ್ಯವಿದ್ದಲ್ಲೆಲ್ಲ ಇದೇ ಉತ್ತಮ. ಕೇಬಲ್ ಬಯಲಿನಲ್ಲಿ ಹಾದುಹೋಗುವುದಾದರೆ ಪೈಪಿನೊಳಗೆ ಹಾಕಿಸಿ, ಸಿಡಿಲಿನ ಆಘಾತ ತಡೆಯುವ ಸಾಧನವನ್ನೂ ಅಳವಡಿಸತಕ್ಕದ್ದು.

ಎರಡನೆಯದು ನಿಸ್ತಂತು ಮಾರ್ಗ. ಇದರಲ್ಲಿ ಕಿರುಗಣಕವು ಕಚೇರಿಯ ಸಂಕೇತವನ್ನು ಸ್ವೀಕರಿಸಿ ಮುಂದಕ್ಕೆ ಪ್ರಸಾರ ಮಾಡುತ್ತದೆ. ಫಲಕದಲ್ಲಿರುವ ರೇಡಿಯೋ ಒಂದೇ ಆದುದರಿಂದ ಪ್ರತಿ ಮಾಹಿತಿಯೂ ಒಂದೇ ಚಾನೆಲಿನಲ್ಲಿ ಎರಡು ಸಲ ಸಾಗಬೇಕು. ಪರಿಣಾಮವಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ಲಿನಕ್ಸ್‌ಗೆ ಹೊಂದುವ, ಹೊರ ಆಂಟೆನಾ ಇರುವ ಯುಎಸ್‌ಬಿ ವೈ-ಫೈ ಸಾಧನವೊಂದನ್ನು ಜೋಡಿಸಿ, ಸ್ವೀಕಾರಕ್ಕೆ ಒಂದು, ಪ್ರಸಾರಕ್ಕೆ ಇನ್ನೊಂದು ರೇಡಿಯೋ ಬಳಸಿ, ಎರಡಕ್ಕೂ ಬೇರೆ ಬೇರೆ ಚಾನೆಲ್ ಕೊಟ್ಟರೆ ಈ ದೋಷ ಬಹುಪಾಲು ನಿವಾರಣೆಯಾಗುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ 1, 6 ಮತ್ತು 11ನೇ ಚಾನೆಲುಗಳು ಒಂದರ ಮೇಲೊಂದು ಬೀಳುವುದಿಲ್ಲವೆಂಬುದನ್ನು ಗಮನದಲ್ಲಿಡಬೇಕು.

ಪೆಟ್ಟಿಗೆಯನ್ನು ಸಂಕೇತವೇ ಇಲ್ಲದ ಮೂಲೆಯಲ್ಲಿಡುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ತನಗೇ ಸಿಗದ ಸಂಕೇತವನ್ನು ಅದು ಇತರರಿಗೆ ಕೊಡಲಾರದು. ಮೊಬೈಲ್ ಫೋನನ್ನು ಹಿಡಿದು ಕಚೇರಿಯಿಂದ ಗೋದಾಮಿನತ್ತ ನಡೆಯುತ್ತ, ಸಂಕೇತ ಇನ್ನೂ ಚೆನ್ನಾಗಿರುವ ಕೊನೆಯ ಸ್ಥಳವನ್ನು ಗುರುತಿಸಿ ಅಲ್ಲಿಯೇ ಇಡಬೇಕು. ತಗಡಿನ ಶೆಡ್ಡಾದರೆ ಕಿಟಕಿ ಅಥವಾ ಬಾಗಿಲಿನ ನೇರಕ್ಕೆ ಇಡುವುದು ಉಚಿತ.

ಮುದ್ರಣಯಂತ್ರ ಕಾಣದಿದ್ದಾಗ

ನಿಸ್ತಂತು ಮಾರ್ಗದಲ್ಲಿ ಕಿರುಗಣಕವು ಸಾಮಾನ್ಯವಾಗಿ ತನ್ನದೇ ಪ್ರತ್ಯೇಕ ಜಾಲವೊಂದನ್ನು ನಿರ್ಮಿಸುತ್ತದೆ. ಗೋದಾಮಿನ ಗಣಕದಿಂದ ಅಂತರಜಾಲವೂ, ಕಚೇರಿಯ ಗಣಕದಲ್ಲಿರುವ ಲೆಕ್ಕಪತ್ರವೂ ಸಿಗುತ್ತವೆ. ಆದರೆ ಕಚೇರಿಯಿಂದ ನೋಡಿದರೆ ಗೋದಾಮಿನ ಪ್ರಿಂಟರ್ ಆಗಲಿ, ಕ್ಯಾಮೆರಾ ಆಗಲಿ ಕಾಣುವುದಿಲ್ಲ. ಯಂತ್ರ ಕೆಟ್ಟಿದೆಯೆಂದು ಭಾವಿಸಿ ಹೊಸದನ್ನು ಕೊಳ್ಳುವ ಮುನ್ನ ಈ ಕಾರಣವನ್ನು ಪರಿಶೀಲಿಸುವುದು ಲೇಸು. ಎರಡೂ ಕಡೆಗಳಿಂದ ಸಂಪರ್ಕ ಬೇಕಿದ್ದರೆ ತಂತಿಯ ಮಾರ್ಗವೇ ಸರಳ ಪರಿಹಾರ.

ವಿದ್ಯುತ್ ಕಡಿತದ ಅಪಾಯ

ಬರವಣಿಗೆ ನಡೆಯುತ್ತಿರುವಾಗ ವಿದ್ಯುತ್ ನಿಂತರೆ ಮೆಮರಿ ಕಾರ್ಡಿನ ಮಾಹಿತಿ ಕೆಡುವ ಸಂಭವವಿದೆ. ಆದುದರಿಂದ ಯುಪಿಎಸ್ ಅವಶ್ಯಕ. ಇದರ ಜೊತೆಗೆ, ಕೆಲಸ ಮಾಡುತ್ತಿರುವ ಕಾರ್ಡಿನ ಪ್ರತಿಯೊಂದನ್ನು ಸಿದ್ಧವಾಗಿ ಇಟ್ಟುಕೊಂಡರೆ, ಕೆಟ್ಟ ದಿನ ಕಾರ್ಡು ಬದಲಿಸುವುದಷ್ಟೇ ಕೆಲಸ. ಮೊಬೈಲಿನ ಹಳೆಯ ಚಾರ್ಜರ್ ಬಳಸಬಾರದು. ನಾಲ್ಕನೆಯ ಪೀಳಿಗೆಯ ಫಲಕಕ್ಕೆ 5.1 ವೋಲ್ಟಿನ, 3 ಆಂಪಿಯರ್ ಅಡಾಪ್ಟರ್ ಶಿಫಾರಸು ಮಾಡಲಾಗಿದೆ.

ಕಾನೂನು ಮತ್ತು ಸುರಕ್ಷತೆ

ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯು 2005ರಿಂದ ಪರವಾನಗಿಯ ಅಗತ್ಯದಿಂದ ಮುಕ್ತವಾಗಿದೆ. ಆದರೆ ಪ್ರಸಾರ ಶಕ್ತಿಗೆ ಮಿತಿಯುಂಟು. ತಂತ್ರಾಂಶದಲ್ಲಿ ದೇಶದ ಹೆಸರನ್ನು ಭಾರತವೆಂದೇ ನಮೂದಿಸಿದರೆ ಈ ಮಿತಿ ತಾನಾಗಿ ಅನ್ವಯವಾಗುತ್ತದೆ.

ವ್ಯಾಪ್ತಿ ಹೆಚ್ಚಿದಷ್ಟೂ ಸಂಕೇತ ಕಾಂಪೌಂಡಿನ ಹೊರಗೂ ಹರಿಯುತ್ತದೆಂಬುದನ್ನು ಮರೆಯಬಾರದು. 2008ರ ಜುಲೈನಲ್ಲಿ ಅಹಮದಾಬಾದಿನ ಸರಣಿ ಸ್ಫೋಟಗಳಿಗೆ ಕೆಲವೇ ನಿಮಿಷಗಳ ಮೊದಲು ಮಾಧ್ಯಮಗಳಿಗೆ ಬಂದ ಇ-ಮೇಲ್, ನವಿ ಮುಂಬಯಿಯ ಮನೆಯೊಂದರ ರಕ್ಷಣೆಯಿಲ್ಲದ ವೈ-ಫೈ ಮೂಲಕ ಹೋಗಿದ್ದುದು ತನಿಖೆಯಿಂದ ಕಂಡುಬಂದಿತು. ಸಂಪರ್ಕದ ಮಾಲೀಕರು ವಿಚಾರಣೆ ಎದುರಿಸಬೇಕಾಯಿತು. ಆದಕಾರಣ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ರಕ್ಷಣೆ, ದೀರ್ಘವಾದ ಗುಪ್ತಪದ, ಗಿರಾಕಿಗಳಿಗೂ ಲಾರಿ ಚಾಲಕರಿಗೂ ಲೆಕ್ಕಪತ್ರದಿಂದ ಬೇರ್ಪಟ್ಟ ಅತಿಥಿ ಜಾಲ, ಇವು ಮೂರೂ ಇರಲೇಬೇಕು. ತಂತ್ರಾಂಶದೊಡನೆ ಬಂದ ಮೂಲ ಗುಪ್ತಪದವನ್ನು ಮೊದಲ ದಿನವೇ ಬದಲಾಯಿಸುವುದು ಅಗತ್ಯ.

ಯಾರಿಗೆ ಲಾಭ?

ಫಲಕ, ಅಡಾಪ್ಟರ್, ಕಾರ್ಡು, ಪೆಟ್ಟಿಗೆ, ಎರಡನೆಯ ವೈ-ಫೈ ಸಾಧನ ಇವೆಲ್ಲವನ್ನೂ ಲೆಕ್ಕ ಹಾಕಿದರೆ ಒಟ್ಟು ವೆಚ್ಚವು ಮಾರುಕಟ್ಟೆಯ ಸಿದ್ಧ ವಿಸ್ತಾರಕದ ಬೆಲೆಯನ್ನು ಮೀರಬಹುದು. ಸಂಕೇತವನ್ನು ವಿಸ್ತರಿಸುವುದಷ್ಟೇ ಗುರಿಯಾಗಿದ್ದರೆ ಸಿದ್ಧ ಸಾಧನವೇ ಸಾಕು. ಆದರೆ ಅದೇ ಯಂತ್ರ ಗೋದಾಮಿನ ಪ್ರಿಂಟರನ್ನು ಹಂಚಬೇಕು, ದಾಸ್ತಾನು ಲೆಕ್ಕದ ಪ್ರತಿಯನ್ನು ಪ್ರತಿರಾತ್ರಿ ಹೊರ ಡಿಸ್ಕಿನಲ್ಲಿ ಉಳಿಸಬೇಕು ಎಂಬಂಥ ಅಗತ್ಯಗಳಿದ್ದಲ್ಲಿ, ಮತ್ತು ಲಿನಕ್ಸ್ ಬಲ್ಲವರೊಬ್ಬರು ಸಂಸ್ಥೆಯಲ್ಲಿದ್ದಲ್ಲಿ, ಕಿರುಗಣಕಕ್ಕೆ ಹಾಕಿದ ಬಂಡವಾಳ ಸಾರ್ಥಕವಾಗುತ್ತದೆ. ಯಾವುದನ್ನೇ ಆರಿಸಿದರೂ, ಖರೀದಿಗೆ ಮುನ್ನ ಫೋನು ಹಿಡಿದು ಹಿತ್ತಲಿನವರೆಗೆ ಒಮ್ಮೆ ನಡೆದು ನೋಡುವುದು ಖರ್ಚಿಲ್ಲದ ಮೊದಲ ಹೆಜ್ಜೆ.