ಮಂಡಿನೋವೂ ಮೋಟಾರು ಸೈಕಲ್ಲೂ

ನನ್ನ ಸೋದರಮಾವನವರು ಮೈಸೂರಿನವರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರ ಮನೆಯಲ್ಲಿ ಒಂದು ಹಳೆಯ ಜಾವಾ ಮೋಟಾರು ಸೈಕಲ್ಲುಂಟು. ಅದನ್ನು ತಯಾರಿಸಿದ ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತಾದರೂ ಮಾವನವರ ಬಂಡಿ ನಿಲ್ಲಲಿಲ್ಲ. ಪ್ರತಿ ವರ್ಷವೂ ದಸರೆ ಕಳೆದೊಡನೆ ಅವರು ಅದನ್ನೇರಿ ಮಡಿಕೇರಿಯ ದಾರಿ ಹಿಡಿಯುವರು. ಮೂರು ವರ್ಷಗಳ ಹಿಂದೆ ಎಡಮಂಡಿ ನೋಯತೊಡಗಿತು. ಕಿಕ್ ಸ್ಟಾರ್ಟರನ್ನು ಒದೆಯುವಾಗ ಪ್ರಾಣ ಹೋದಂತಾಗುತ್ತಿತ್ತು. ಮಂಡಿಯ ಮೃದ್ವಸ್ಥಿ ಸವೆದಿದೆಯೆಂದು ವೈದ್ಯರು ಹೇಳಿದರು. “ಹಾಗಾದರೆ ಇನ್ನು ಮೋಟಾರು ಸೈಕಲ್ ಬಿಟ್ಟಂತೆಯೇ?” ಎಂದು ಮಾವನವರು ಕೇಳಿದುದಕ್ಕೆ, ಬಿಡಬೇಕಾದ ಅಗತ್ಯವಿಲ್ಲವೆಂದೂ ಆದರೆ ಆ ಮಂಡಿಗೆ ಒಪ್ಪುವ ಬಂಡಿಯನ್ನು ಹುಡುಕಿಕೊಳ್ಳಬೇಕೆಂದೂ ಉತ್ತರ ಬಂದಿತು. ಆ ಹುಡುಕಾಟದಲ್ಲಿ ನಾನೂ ಜೊತೆಗಿದ್ದೆ.

ಬಂಡಿಯ ಮಾತಿಗೆ ಮುನ್ನ ಕೀಲಿನ ಸ್ವರೂಪವನ್ನು ಕೊಂಚ ವಿಚಾರಿಸೋಣ. ಎರಡು ಎಲುಬುಗಳು ಕೂಡುವೆಡೆಯಲ್ಲಿ ಅವುಗಳ ತುದಿಗಳಿಗೆ ಮೃದ್ವಸ್ಥಿಯ ನುಣುಪಾದ ಹೊದಿಕೆಯಿದೆ. ನಡುವೆ ಸಂಧಿದ್ರವವೆಂಬ ಅಂಟು ನೀರು. ಇವೆರಡರ ಕೂಟದಿಂದಾಗಿ ಆರೋಗ್ಯವಂತನ ಕೀಲು ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತಲೂ ಸರಾಗವಾಗಿ ಜಾರುವುದು. ಆದರೆ ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ನಡೆಯುವಾಗ ಅದು ಅದುಮಿ, ಮತ್ತೆ ಸಡಿಲವಾಗಿ, ಸ್ಪಂಜಿನಂತೆ ಸಂಧಿದ್ರವವನ್ನು ಹೀರಿ ತನ್ನ ಆಹಾರವನ್ನು ಪಡೆಯಬೇಕು. ಅಲುಗದ ಕೀಲಿಗೆ ಊಟವಿಲ್ಲವೆಂದೇ ಹೇಳಬಹುದು. ಮಂಡಿ ಮಡಿಸಿ ಬಹಳ ಹೊತ್ತು ಕುಳಿತರೆ ಮಂಡಿಚಿಪ್ಪಿನ ಹಿಂದೆ ಏಳುವ ನೋವಿಗೆ ವೈದ್ಯರು “ಸಿನಿಮಾ ನೋಡುವವರ ಮಂಡಿ” ಎಂಬ ವಿನೋದದ ಹೆಸರನ್ನಿಟ್ಟಿದ್ದಾರೆ. ಮೋಟಾರು ಸೈಕಲ್ ಸವಾರನೂ ಒಂದು ಬಗೆಯಲ್ಲಿ ಸಿನಿಮಾ ನೋಡುವವನೇ.

ಮಂಡಿ ಎಷ್ಟು ಮಡಿಯುವುದೆಂಬುದನ್ನು ನಿರ್ಣಯಿಸುವುದು ಸೀಟಿಗೂ ಫುಟ್‌ರೆಸ್ಟಿಗೂ ಇರುವ ಅಂತರ. ಸವಾರನ ಸೊಂಟದ ಕೀಲಿನಿಂದ ಮಂಡಿಗೆ 42 ಸೆಂಟಿಮೀಟರು, ಮಂಡಿಯಿಂದ ಪಾದದ ಕೀಲಿಗೆ ಮತ್ತೆ 42 ಸೆಂಟಿಮೀಟರು ಎಂದಿಟ್ಟುಕೊಳ್ಳಿ. ಬಂಡಿಯ ಮೇಲೆ ಕುಳಿತಾಗ ಸೊಂಟದಿಂದ ಪಾದದ ಕೀಲಿಗೆ ನೇರ ಅಂತರ 60 ಸೆಂಟಿಮೀಟರಾದರೆ ಮಂಡಿಯ ಕೋನ 91 ಡಿಗ್ರಿ. ಅದೇ ಅಂತರ 65 ಆದರೆ ಕೋನ 101 ಡಿಗ್ರಿ. 55ಕ್ಕೆ ಇಳಿದರೆ 82 ಡಿಗ್ರಿ ಮಾತ್ರ. ಕೊಸೈನ್ ನಿಯಮವನ್ನು ಬಲ್ಲ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಐದು ಸೆಂಟಿಮೀಟರಿಗೆ ಸುಮಾರು ಹತ್ತು ಡಿಗ್ರಿ! ಮಂಡಿ ಹೆಚ್ಚು ಮಡಿದಷ್ಟೂ ಚಿಪ್ಪು ತೊಡೆಯೆಲುಬಿಗೆ ಬಲವಾಗಿ ಒತ್ತಿಕೊಳ್ಳುವುದರಿಂದ ಈ ಹತ್ತು ಡಿಗ್ರಿಯನ್ನು ಅಲ್ಪವೆಂದು ಎಣಿಸಬಾರದು. ನಾವು ಅಂಗಡಿಗಳಲ್ಲಿ ಮಾಡಿದ್ದು ಇಷ್ಟೇ: ಮಾವನವರನ್ನು ಒಂದೊಂದು ಬಂಡಿಯ ಮೇಲೂ ಕೂರಿಸಿ, ಪಕ್ಕದಿಂದ ಛಾಯಾಚಿತ್ರ ತೆಗೆದು, ಮನೆಗೆ ಬಂದು ಕೋನಮಾಪಕವಿಟ್ಟು ಅಳೆದೆವು. ಅಂಗಡಿಯವರು ನಕ್ಕರು, ನಗಲಿ.

ಅಳತೆಯಲ್ಲಿ ಮೊದಲ ಸ್ಥಾನ ಪಡೆದುದು, ಸೀಟು ತಗ್ಗಾಗಿಯೂ ಫುಟ್‌ರೆಸ್ಟು ಬಹಳ ಮುಂದಾಗಿಯೂ ಇದ್ದ ಒಂದು ಬಂಡಿ. ಆರಾಮ ಕುರ್ಚಿಯಲ್ಲಿ ಕುಳಿತಂತೆ ಕಾಲು ಚಾಚಬಹುದು. ಮಂಡಿಗೆ ಸ್ವರ್ಗವೇ ಸರಿ. ಸ್ನೇಹಿತರೊಬ್ಬರಿಂದ ಅಂಥದೇ ಬಂಡಿಯನ್ನು ಎರವಲು ತಂದು ಮಾವನವರು ಹುಣಸೂರಿನವರೆಗೆ ಹೋಗಿ ಬಂದರು. ಬಂದವರು ಸೊಂಟ ಹಿಡಿದುಕೊಂಡು ಇಳಿದರು. ಕಾರಣವು ಸರಳವಾದುದು. ಪಾದಗಳು ದೇಹದ ಕೆಳಗೇ ಇದ್ದರೆ, ಗುಂಡಿ ಬಂದಾಗ ಸವಾರನು ಫುಟ್‌ರೆಸ್ಟನ್ನು ಮೆಟ್ಟಿ ಕೊಂಚ ಮೇಲೇಳುವನು; ಏಟನ್ನು ತೊಡೆಯ ಸ್ನಾಯುಗಳು ನುಂಗಿಕೊಳ್ಳುವುವು. ಪಾದಗಳು ಮುಂದೆ ಚಾಚಿದ್ದರೆ ಹಾಗೆ ಏಳಲಾಗದು. ಪ್ರತಿಯೊಂದು ಏಟೂ ಬಾಲದೆಲುಬಿನಿಂದ ನೇರವಾಗಿ ಬೆನ್ನುಹುರಿಯ ಮಣಿಗಳಿಗೆ ಏರುವುದು. ಮಂಡಿಯಿಂದ ಇಳಿಸಿದ ಭಾರ ಮಾಯವಾಗಲಿಲ್ಲ, ಸೊಂಟಕ್ಕೆ ಹೋಗಿ ಕುಳಿತಿತು.

ಇದಕ್ಕೆ ವಿರುದ್ಧವಾದ ಬಂಡಿಗಳೂ ಉಂಟು. ಹ್ಯಾಂಡಲು ತಗ್ಗು, ಫುಟ್‌ರೆಸ್ಟು ಹಿಂದೆ. ಸವಾರನು ಮುಂದಕ್ಕೆ ಬಾಗಿರುವನು. ವೇಗ ಹೆಚ್ಚಿದಾಗ ಎದುರುಗಾಳಿಯು ಎದೆಯನ್ನು ತಾಂಗಿ ಹಿಡಿಯುವುದರಿಂದ ಈ ಭಂಗಿ ಅಲ್ಲಿಗೆ ತಕ್ಕುದು. ನಿಧಾನವಾಗಿ ಹೋಗುವಾಗ ಮಾತ್ರ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ. ನೆಟ್ಟಗೆ ಕೂರುವವನ ಕಷ್ಟ ಬೇರೆ: ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದು. ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಹೋದರೆ ಒತ್ತಡ ಒಂದೂವರೆ ಪಟ್ಟಿಗೂ ಮೀರುವುದು. ಅದನ್ನು ತಡೆದು ಹ್ಯಾಂಡಲಿಗೆ ಜೋತುಬೀಳಬೇಕಾದ ಹೆಗಲು ದಣಿಯುವುದು. ಒಂದು ಗಾಳಿತಡೆಯ ಫಲಕವನ್ನು ಜೋಡಿಸಿದರೆ ಹೆಗಲಿಗೆ ಬಹಳ ಉಪಕಾರ.

ಇನ್ನು ಕಂಪನದ ವಿಷಯ. ಒಂದೇ ಸಿಲಿಂಡರಿನ ಎಂಜಿನು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಅದರ ಪಿಸ್ಟನ್ನು ಸೆಕೆಂಡಿಗೆ 66ಕ್ಕೂ ಹೆಚ್ಚು ಸಲ ಮೇಲೆ ಹೋಗಿ ಕೆಳಗೆ ಬರುವುದು. ಪ್ರತಿ ಸಲವೂ ನಿಂತು, ದಿಕ್ಕು ಬದಲಿಸಿ ಓಡಬೇಕು. ಆ ಜಗ್ಗಾಟ ಹ್ಯಾಂಡಲಿಗೂ ಸೀಟಿಗೂ ಬರುವುದು. ಕಂಪನವು ಕೈಗೆ ಮಾಡುವ ಕೇಡು ಹೊಸ ವಿಷಯವಲ್ಲ. 1918ರಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಅಮೆರಿಕದ ಇಂಡಿಯಾನಾ ಸಂಸ್ಥಾನದ ಬೆಡ್‌ಫರ್ಡಿನಲ್ಲಿ, ಗಾಳಿಯ ಸುತ್ತಿಗೆ ಹಿಡಿದು ಸುಣ್ಣಕಲ್ಲು ಕೆತ್ತುವವರ ಬೆರಳುಗಳು ಚಳಿಯಲ್ಲಿ ಬಿಳಿಚಿ ಮರಗಟ್ಟುವುದನ್ನು ಪರೀಕ್ಷಿಸಿ ಬರೆದಳು. ಸವಾರನಿಗೆ ಅಷ್ಟು ಅಪಾಯವಿಲ್ಲದಿರಬಹುದು. ಆದರೆ ಊದಿಕೊಂಡ ಬೆರಳಿನ ಕೀಲುಗಳುಳ್ಳವನು ನಡುಗುವ ಹ್ಯಾಂಡಲನ್ನು ಬಿಗಿಹಿಡಿದೇ ನೂರು ಕಿಲೋಮೀಟರು ಹೋಗುವುದು ಸುಲಭವಲ್ಲ.

ಯಂತ್ರಶಿಲ್ಪಿಗಳು ಇದಕ್ಕೆ ಹಲವು ಉಪಾಯಗಳನ್ನು ಕಂಡುಕೊಂಡಿದ್ದಾರೆ. 1923ರ ಬಿಎಂಡಬ್ಲ್ಯು ಬಂಡಿಯಲ್ಲಿ ಎರಡು ಪಿಸ್ಟನ್ನುಗಳು ಎದುರುಬದುರಾಗಿ ಓಡಿ ಒಂದರ ಜಗ್ಗಾಟವನ್ನು ಇನ್ನೊಂದು ಕಳೆಯುತ್ತಿದ್ದಿತು. 1967ರಲ್ಲಿ ಇಂಗ್ಲೆಂಡಿನ ನಾರ್ಟನ್ ಕಮಾಂಡೊ ಎಂಜಿನ್ನನ್ನೇ ರಬ್ಬರಿನ ಮೇಲೆ ಕೂರಿಸಿ, ಕಂಪನವು ಚೌಕಟ್ಟಿಗೆ ತಲಪದಂತೆ ಮಾಡಿತು. ಇಂದಿನ ಅನೇಕ ಒಂಟಿ ಸಿಲಿಂಡರಿನ ಎಂಜಿನುಗಳಲ್ಲಿ ಸಮತೋಲ ದಂಡವಿರುತ್ತದೆ: ಕ್ರ್ಯಾಂಕಿನಷ್ಟೇ ವೇಗವಾಗಿ, ವಿರುದ್ಧ ದಿಕ್ಕಿನಲ್ಲಿ ತಿರುಗುವ ತೂಕವದು. ಕೊಳ್ಳುವವರು ಇದನ್ನು ಮರೆಯದೆ ವಿಚಾರಿಸಬೇಕು. ಖರ್ಚಿಲ್ಲದ ಉಪಾಯವೂ ಒಂದುಂಟು. ಜಗ್ಗಾಟದ ಬಲವೂ ಸುತ್ತಿನ ವರ್ಗಕ್ಕೆ ಅನುಗುಣ. 4000 ಸುತ್ತಿನಿಂದ 3500ಕ್ಕೆ ಇಳಿಸಿದರೆ ಅದು ಸುಮಾರು ಕಾಲುಭಾಗ ತಗ್ಗುವುದು.

ಕೈಬೆರಳಿನ ನೋವುಳ್ಳವರು ಕ್ಲಚ್ಚಿನ ಬಿಗಿಯನ್ನೂ ನೋಡಬೇಕು. ಪೇಟೆಯ ದಟ್ಟಣೆಯಲ್ಲಿ ಅದನ್ನು ನೂರಾರು ಸಲ ಅದುಮಬೇಕಾಗುವುದು. ಸೋಜಿಗವೆಂದರೆ ಮಾವನವರ ಹಳೆಯ ಜಾವಾದಲ್ಲಿ ಇದಕ್ಕೆ ಮದ್ದಿತ್ತು: ಗೇರಿನ ಪೆಡಲನ್ನು ಕಾಲಿನಿಂದ ಒತ್ತಿದರೆ ಸಾಕು, ಕ್ಲಚ್ಚು ತಾನಾಗಿ ಬಿಟ್ಟುಕೊಳ್ಳುವುದು. ಅದೇ ಪೆಡಲೇ ಕಿಕ್ ಸ್ಟಾರ್ಟರೂ ಆಗಿದ್ದುದು ಮಂಡಿಯ ದುರ್ದೈವ.

ದೊಡ್ಡ ಬಂಡಿಯೇ ಸುಖದ ಬಂಡಿಯೆಂಬ ನಂಬಿಕೆ ನಮ್ಮ ತರುಣರಲ್ಲಿ ಬಲವಾಗಿದೆ. ಓಡುವಾಗ ಅದು ನಿಜವೂ ಹೌದು. ಆದರೆ ಬಂಡಿ ನಿಂತಾಗ ಅದರ ಭಾರವನ್ನು ತಾಳುವುದು ಸವಾರನ ಮಂಡಿ ಮತ್ತು ಸೊಂಟಗಳೇ. ದೂರಪ್ರಯಾಣಕ್ಕೆಂದೇ ಹೆಸರಾದ ಹೋಂಡಾ ಗೋಲ್ಡ್ ವಿಂಗ್ 350 ಕಿಲೋಗ್ರಾಮಿಗೂ ಮೀರಿ ಬೆಳೆದಾಗ, 1988ರಲ್ಲಿ ಅದಕ್ಕೆ ಹಿಂದಕ್ಕೆ ಚಲಿಸುವ ಏರ್ಪಾಡನ್ನೇ ಜೋಡಿಸಬೇಕಾಯಿತು. ಕಾಲೂರಿ ತಳ್ಳುವುದು ಅಷ್ಟು ಕಠಿನ. ಸೀಟು ಎತ್ತರವಾದರೆ ಕಾಲೆತ್ತಿ ಹತ್ತುವಾಗ ಸೊಂಟದ ಕೀಲಿಗೆ ತೊಂದರೆ. ಅಂಗಡಿಯಲ್ಲಿ ಹತ್ತು ಸಲ ಹತ್ತಿ ಇಳಿದು, ಬಂಡಿಯನ್ನು ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ ನೋಡದೆ ಹಣ ಕೊಡಲೇಬಾರದು.

ಮಾವನವರು ಕೊನೆಗೆ ಆರಿಸಿದುದು, ನೆಟ್ಟಗೆ ಕೂರಬಹುದಾದ, ಫುಟ್‌ರೆಸ್ಟು ಮೈಯ ಕೆಳಗಿನಿಂದ ತುಸುವೇ ಮುಂದಿರುವ, ಸಮತೋಲ ದಂಡವೂ ವಿದ್ಯುತ್ ಸ್ಟಾರ್ಟರೂ ಉಳ್ಳ ಮಧ್ಯಮ ತೂಕದ ಬಂಡಿಯನ್ನು. ಅಳತೆಯಲ್ಲಿ ಅವರ ಮಂಡಿ 94 ಡಿಗ್ರಿಗೆ ಬಂದಿತ್ತು. ಸೀಟಿನ ಮೆತ್ತೆಯನ್ನು ಎತ್ತರಿಸಿ 99 ಮಾಡಿಸಿದೆವು. ಅದಕ್ಕಿಂತ ಹೆಚ್ಚಿಸಿದ್ದರೆ ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ಮಂಡಿ ಊದಿಕೊಂಡ ದಿನ, ಅಥವಾ ಅದು ಹಿಡಿದುಕೊಂಡು ಬಿಚ್ಚದ ದಿನ, ಬಂಡಿ ಮುಟ್ಟಬಾರದೆಂದು ವೈದ್ಯರ ಕಟ್ಟಪ್ಪಣೆಯಾಗಿದೆ. ಕಳೆದ ದಸರೆಯ ನಂತರ ಅವರು ಮಡಿಕೇರಿಗೆ ಹೋಗಿ ಬಂದರು. ಮೊದಲು ಒಂದೇ ಉಸಿರಿಗೆ ಮುಗಿಸುತ್ತಿದ್ದ ದಾರಿಯಲ್ಲಿ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳಲ್ಲಿ ಇಳಿದು ಹತ್ತು ಹತ್ತು ನಿಮಿಷ ನಡೆದರಂತೆ. ಮಂಡಿಗೆ ಊಟ ಹಾಕಿದೆನೆಂದು ಅವರ ಮಾತು.

ಜಾವಾವನ್ನು ಅವರು ಮಾರಿಲ್ಲ. ಭಾನುವಾರದ ಬೆಳಿಗ್ಗೆ ಅದನ್ನು ಒದ್ದು ಎಬ್ಬಿಸುವ ಕೆಲಸ ಈಗ ನನ್ನದು.