ನಿಮಗಿದು ಗೊತ್ತೇ? – ಎರಡು ಡಾಲರಿಗೆ ಮಾರಿದ ಗುಟ್ಟು

● ಅಮೆರಿಕದ ಪಿಟ್ಸ್‌ಬರ್ಗ್‌ನ ಒಂದು ಶಾಪಿಂಗ್ ಮಾಲ್. ಸಣ್ಣದೊಂದು ಸಮೀಕ್ಷೆಗೆ ಉತ್ತರ ಕೊಟ್ಟ ಗಿರಾಕಿಗಳಿಗೆ ಗಿಫ್ಟ್ ಕಾರ್ಡ್ ಬಹುಮಾನ. ಕಾರ್ಡಿನಲ್ಲಿ ಎರಡು ಬಗೆ. 10 ಡಾಲರಿನದನ್ನು ಬಳಸಿ ಏನೇ ಕೊಂಡರೂ ಕೊಂಡವರ ಹೆಸರು ಹೊರಬೀಳದು. 12 ಡಾಲರಿನದಾದರೆ ಖರೀದಿಯ ವಿವರ ಹೆಸರಿನ ಸಮೇತ ದಾಖಲಾಗುತ್ತದೆ. ಮೊದಲು 10 ಡಾಲರಿನ ಕಾರ್ಡನ್ನು ಕೈಗಿಟ್ಟು ‘ಬೇಕಿದ್ದರೆ ಬದಲಾಯಿಸಿಕೊಳ್ಳಿ’ ಎಂದಾಗ ಶೇ 52ರಷ್ಟು ಮಂದಿ ಒಲ್ಲೆವೆಂದರು. ಮೊದಲು 12 ಡಾಲರಿನದನ್ನು ಕೊಟ್ಟು ಅದೇ ಮಾತು ಹೇಳಿದಾಗ, ಗುಟ್ಟು ಕಾಯುವ ಕಾರ್ಡು ಬೇಕೆಂದವರು ಶೇ 10 ಕೂಡ ಇಲ್ಲ! ಊರು ಅದೇ, ಮಾಲ್ ಅದೇ, ಎರಡು ಡಾಲರಿನ ಅಂತರವೂ ಅದೇ. ಕೈಗೆ ಮೊದಲು ಬಂದದ್ದು ಯಾವುದು ಎಂಬುದಷ್ಟೇ ಬೇರೆ. ‘ಜನಕ್ಕೆ ಖಾಸಗಿತನ ಬೇಕಾಗಿಲ್ಲ’ ಎನ್ನುವ ಕಂಪನಿಗಳು ಯಾವ ಕಾರ್ಡನ್ನು ಮೊದಲು ಕೈಗಿಟ್ಟು ಹಾಗೆ ಹೇಳುತ್ತಿವೆ ಎಂದು ಕೇಳಬೇಕಾಗಿದೆ.

● 2013ರಲ್ಲಿ ಪ್ರಕಟವಾದ ಈ ಪ್ರಯೋಗದ ಹಿಂದಿದ್ದವರು ಅಲೆಸ್ಸಾಂಡ್ರೊ ಅಕ್ವಿಸ್ತಿ. ಇಟಲಿಯವರು. ರೋಮ್, ಡಬ್ಲಿನ್, ಲಂಡನ್‌ಗಳಲ್ಲಿ ಓದು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪಿಎಚ್.ಡಿ. ಆಮೇಲೆ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಡಿಗ್ರಿಗಳ ಲೆಕ್ಕದಲ್ಲಿ ಅರ್ಥಶಾಸ್ತ್ರಜ್ಞ, ಮಾಡಿದ ಕೆಲಸವೆಲ್ಲ ಮನಸ್ಸಿನದು: ಮನುಷ್ಯ ತನ್ನ ಗುಟ್ಟನ್ನು ಯಾವಾಗ ಮುಚ್ಚಿಡುತ್ತಾನೆ, ಯಾವಾಗ ಬಾಯಿ ಬಿಡುತ್ತಾನೆ?

● ಇದೇ ಮನುಷ್ಯ ಒಂದು ಕಾಲಕ್ಕೆ ಹಿನ್ನೆಲೆ ಸಂಗೀತ ಸಂಯೋಜಿಸುತ್ತಿದ್ದರು, ಹಾಡು ಬರೆಯುತ್ತಿದ್ದರು. ಬೈಕ್ ರೇಸಿಗೂ ಇಳಿದಿದ್ದರು.

● ಅವರ ಹಲವು ಪ್ರಯೋಗಗಳ ಜೊತೆಗಾರ ಜಾರ್ಜ್ ಲೋವೆನ್‌ಸ್ಟೈನ್. ಇವರು ಮನೋವಿಶ್ಲೇಷಣೆಯ ಪಿತಾಮಹ ಸಿಗ್ಮಂಡ್ ಫ್ರಾಯ್ಡ್‌ನ ಮರಿಮೊಮ್ಮಗ. ಜನರ ಬಾಯಿಂದ ಗುಟ್ಟು ಹೊರಡಿಸುವುದು ವಂಶಕ್ಕೇ ಬಂದ ವಿದ್ಯೆ ಇರಬೇಕು!

● ‘ಮನುಷ್ಯ ಎಲ್ಲವನ್ನೂ ತೂಗಿ ನೋಡಿ ತೀರ್ಮಾನಿಸುವುದಿಲ್ಲ, ಅಷ್ಟು ಸಮಯವೂ ಇಲ್ಲ, ಅಷ್ಟು ತಲೆಯೂ ಓಡದು’ ಎಂಬ ವಾದಕ್ಕೆ ತಳಹದಿ ಹಾಕಿದ ಹರ್ಬರ್ಟ್ ಸೈಮನ್ ಇದೇ ಕಾರ್ನೆಗಿ ಮೆಲನ್‌ನಲ್ಲಿ ಅರ್ಧ ಶತಮಾನ ಇದ್ದವರು. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅಕ್ವಿಸ್ತಿ ಆ ವಾದವನ್ನು ಇಂಟರ್‌ನೆಟ್‌ಗೆ ತಂದರು. 2004ರ ಅವರ ಪ್ರಬಂಧದ ತಿರುಳು ಇಷ್ಟೇ: ಕೂಪನ್ನು ಈಗಲೇ ಸಿಗುತ್ತದೆ, ಮಾಹಿತಿ ಸೋರಿದ ನಷ್ಟ ಎಂದೋ ಬರುತ್ತದೆ. ಕಣ್ಣೆದುರಿನ ಲಾಭಕ್ಕೆ ಮನಸ್ಸು ಯಾವತ್ತೂ ಹೆಚ್ಚು ಬೆಲೆ ಕಟ್ಟುತ್ತದೆ.

● ಫೇಸ್‌ಬುಕ್ ಹುಟ್ಟಿದ್ದು 2004ರ ಫೆಬ್ರುವರಿಯಲ್ಲಿ. ಮರುವರ್ಷವೇ ಅಕ್ವಿಸ್ತಿ ಮತ್ತು ರಾಲ್ಫ್ ಗ್ರಾಸ್ ತಮ್ಮ ವಿಶ್ವವಿದ್ಯಾಲಯದ ನಾಲ್ಕು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಪ್ರೊಫೈಲ್‌ಗಳನ್ನು ಜಾಲಾಡಿದರು. ಹತ್ತರಲ್ಲಿ ಒಂಬತ್ತು ಕಡೆ ಫೋಟೊ, ಶೇ 87ಕ್ಕೂ ಹೆಚ್ಚು ಕಡೆ ಹುಟ್ಟಿದ ದಿನ, ಸುಮಾರು ಶೇ 40 ಕಡೆ ಫೋನ್ ನಂಬರ್. ಕೇಳಿದವರು ಯಾರೂ ಇಲ್ಲ, ಹಾಕಿದವರು ತಾವೇ.

● ಹುಟ್ಟಿದ ದಿನ ಹಾಕಿದರೆ ಏನಾದೀತು, ಕೇಕ್ ಬಂದೀತು ಎನ್ನುವವರು ಇದನ್ನು ಓದಬೇಕು. ಅಮೆರಿಕದಲ್ಲಿ ಬ್ಯಾಂಕ್ ಖಾತೆ, ಸಾಲ, ಕೆಲಸ, ಎಲ್ಲಕ್ಕೂ ಬೇಕಾದದ್ದು ಒಂಬತ್ತು ಅಂಕಿಗಳ ಸೋಷಿಯಲ್ ಸೆಕ್ಯುರಿಟಿ ನಂಬರ್. ಅದರ ಮೊದಲ ಮೂರು ಅಂಕಿ ರಾಜ್ಯವನ್ನು ಅವಲಂಬಿಸಿದ್ದವು. ಉಳಿದವು ಒಂದು ಕ್ರಮದಲ್ಲಿ ಏರುತ್ತ ಹೋಗುತ್ತಿದ್ದವು. 1980ರ ದಶಕದ ಕೊನೆಯಿಂದ ಮಗು ಹುಟ್ಟಿದ ಕೂಡಲೇ ನಂಬರ್ ಕೊಡುವ ಪದ್ಧತಿ ಬಂದದ್ದರಿಂದ, ಹುಟ್ಟಿದ ದಿನ ಮತ್ತು ಊರು ಗೊತ್ತಿದ್ದರೆ ನಂಬರಿನ ಸುಳಿವು ಸಿಕ್ಕಂತೆಯೇ. ಮೃತಪಟ್ಟವರ ನಂಬರ್‌ಗಳ ಸಾರ್ವಜನಿಕ ಪಟ್ಟಿಯನ್ನು ಎದುರಿಟ್ಟುಕೊಂಡು ಅಕ್ವಿಸ್ತಿ ಮತ್ತು ಗ್ರಾಸ್ ಈ ಕ್ರಮವನ್ನು ಬಿಡಿಸಿದರು. ಆ ಪಟ್ಟಿಯಲ್ಲಿ 1989ರಿಂದ 2003ರ ನಡುವೆ ಹುಟ್ಟಿದ್ದವರ ಪೈಕಿ ಶೇ 44 ಮಂದಿಯ ಮೊದಲ ಐದು ಅಂಕಿ ಒಂದೇ ಏಟಿಗೆ ಸರಿಯಾಯಿತು. ಸಾವಿರದೊಳಗಿನ ಪ್ರಯತ್ನಗಳಲ್ಲಿ ಶೇ 8.5 ಮಂದಿಯ ಒಂಬತ್ತೂ ಅಂಕಿ ಸಿಕ್ಕಿಬಿಟ್ಟವು. ಸಾವಿರ ಪ್ರಯತ್ನ ಎಂದರೆ ಮನುಷ್ಯನಿಗೆ ಬೇಸರ, ಕಂಪ್ಯೂಟರಿಗೆ ಕ್ಷಣ. ಗಮನಿಸಿ, ಮೋಸ ತಡೆಯಲೆಂದು ಹೊರಗಿಟ್ಟ ಪಟ್ಟಿಯೇ ಬೀಗದ ಕೈಯಾಯಿತು.

● ಅಕ್ವಿಸ್ತಿ ಮತ್ತು ಗ್ರಾಸ್ ಈ ಅಧ್ಯಯನವನ್ನು ಪ್ರಕಟಿಸಿದ್ದು 2009ರಲ್ಲಿ. 2011ರ ಜೂನ್ 25ರಿಂದ ಅಮೆರಿಕ ಆ ನಂಬರ್‌ಗಳನ್ನು ಯಾವ ಕ್ರಮವೂ ಇಲ್ಲದೆ ಕೊಡತೊಡಗಿತು. ಆ ಯೋಚನೆ ತಮಗೆ ಮೊದಲೇ ಇತ್ತೆಂದು ಇಲಾಖೆ ಹೇಳಿಕೊಂಡಿತ್ತು. ಇಲಾಖೆಗಳು ಹಾಗೇ ಹೇಳುತ್ತವೆ.

● ನಮ್ಮ ಆಧಾರ್‌ನ ಹನ್ನೆರಡು ಅಂಕಿಗಳಲ್ಲಿ ಊರೂ ಇಲ್ಲ, ಹುಟ್ಟಿದ ವರ್ಷವೂ ಇಲ್ಲ. ಮೊದಲಿನಿಂದಲೇ ಕ್ರಮವಿಲ್ಲದ ಸಂಖ್ಯೆ ಅದು. ಕೊನೆಯ ಅಂಕಿ ಮಾತ್ರ, ಬರೆಯುವಾಗ ತಪ್ಪಾಗಿದೆಯೇ ಎಂದು ತಾಳೆ ನೋಡಲು ಇರುವಂಥದ್ದು. ಊಹಿಸಿ ಕದಿಯುವುದು ಕಷ್ಟ. ಆದರೇನು, ಕಂಡಕಂಡಲ್ಲಿ ಜೆರಾಕ್ಸ್ ಕೊಟ್ಟು ಬರುವವರಿಗೆ ಊಹೆಯ ಕಳ್ಳ ಬೇಕಿಲ್ಲ.

● 2011ರಲ್ಲಿ ಅಕ್ವಿಸ್ತಿ ತಂಡದ ಇನ್ನೊಂದು ಪ್ರಯೋಗ. ಕಾರ್ನೆಗಿ ಮೆಲನ್ ಕ್ಯಾಂಪಸ್ಸಿನಲ್ಲಿ ಹೋಗುತ್ತಿದ್ದ ವಿದ್ಯಾರ್ಥಿಗಳನ್ನು ನಿಲ್ಲಿಸಿ ವೆಬ್‌ಕ್ಯಾಮ್‌ನಲ್ಲಿ ಫೋಟೊ ತೆಗೆದರು. ಅವರು ಪ್ರಶ್ನೆಪತ್ರಿಕೆ ತುಂಬುತ್ತಿದ್ದ ಹೊತ್ತಿನಲ್ಲೇ ಸಾಫ್ಟ್‌ವೇರು ಆ ಮುಖವನ್ನು ಫೇಸ್‌ಬುಕ್ ಫೋಟೊಗಳ ಜೊತೆ ಹೋಲಿಸಿತು. ಸುಮಾರು ಮೂರರಲ್ಲಿ ಒಬ್ಬರ ಗುರುತು ಸಿಕ್ಕಿತು. ಬಳಸಿದ ಸಾಫ್ಟ್‌ವೇರ್ ‘ಪಿಟ್‌ಪ್ಯಾಟ್’. ಅದು ಹುಟ್ಟಿದ್ದೂ ಅದೇ ವಿಶ್ವವಿದ್ಯಾಲಯದಲ್ಲಿ. ಅದೇ ವರ್ಷ ಗೂಗಲ್ ಅದನ್ನು ಕೊಂಡುಕೊಂಡಿತು.

● ‘ಪರೀಕ್ಷೆಯಲ್ಲಿ ನಕಲು ಹೊಡೆದಿದ್ದೀರಾ? ಮಾದಕ ವಸ್ತು ಮುಟ್ಟಿದ್ದೀರಾ?’ ಎಂಬಂಥ ಪ್ರಶ್ನೆಗಳಿಗೆ ವಿಶ್ವವಿದ್ಯಾಲಯದ ಲಾಂಛನವಿರುವ ಗಂಭೀರ ಪುಟದಲ್ಲಿ ನಿಜ ಹೇಳುತ್ತೀರೋ, ಕೆಂಪಕ್ಷರದಲ್ಲಿ ‘ಹೌ ಬ್ಯಾಡ್ ಆರ್ ಯೂ’ ಎಂದು ಬರೆದು ದೆವ್ವದ ಕಾರ್ಟೂನ್ ಅಂಟಿಸಿದ ಪುಟದಲ್ಲೋ? ನಂಬಬಾರದ್ದು ಎರಡನೆಯದು ಎಂದು ಯಾರಾದರೂ ಹೇಳಿಯಾರು. ಆದರೆ ಲೆಸ್ಲಿ ಜಾನ್, ಅಕ್ವಿಸ್ತಿ, ಲೋವೆನ್‌ಸ್ಟೈನ್ 2011ರಲ್ಲಿ ತೋರಿಸಿದ ಪ್ರಕಾರ ಜನ ತಪ್ಪೊಪ್ಪಿಕೊಂಡದ್ದು ಹೆಚ್ಚಾಗಿ ದೆವ್ವದ ಮುಂದೆಯೇ! ಗಂಭೀರ ಪುಟ ಕಂಡೊಡನೆ ‘ಎಚ್ಚರ’ ಎಂಬ ಯೋಚನೆ ಬರುತ್ತದೆ, ತಮಾಷೆಯ ಪುಟದಲ್ಲಿ ಬರುವುದೇ ಇಲ್ಲ. ‘ನೀವು ಯಾವ ಸಿನಿಮಾ ಹೀರೊ?’ ಎಂದು ಕೇಳಿ ಹೆಸರು, ವಯಸ್ಸು, ಕಾಂಟ್ಯಾಕ್ಟ್ ಪಟ್ಟಿ ಎಲ್ಲ ಬಾಚಿಕೊಳ್ಳುವ ಆಟಗಳ ಮರ್ಮ ಇಲ್ಲಿದೆ.

● ಲಗಾಮು ನಿಮ್ಮ ಕೈಯಲ್ಲೇ ಇದೆ ಎಂದರೆ ನೀವು ಹೆಚ್ಚು ಹುಷಾರಾಗುತ್ತೀರಾ? ಇಲ್ಲವಂತೆ. ಲಾರಾ ಬ್ರಾಂದಿಮಾರ್ತೆ ಮತ್ತು ಸಂಗಡಿಗರು ಒಂದು ಗುಂಪಿಗೆ ‘ನಿಮ್ಮ ಪ್ರೊಫೈಲ್ ಖಂಡಿತ ಪ್ರಕಟವಾಗುತ್ತದೆ’ ಎಂದರು. ಇನ್ನೊಂದಕ್ಕೆ ‘ಅರ್ಧದಷ್ಟು ಪ್ರೊಫೈಲ್‌ಗಳನ್ನು ಮಾತ್ರ ಯದ್ವಾತದ್ವಾ ಆರಿಸಿ ಪ್ರಕಟಿಸುತ್ತೇವೆ’ ಎಂದರು. ಅಪಾಯ ಅರ್ಧಕ್ಕಿಳಿದ ಎರಡನೇ ಗುಂಪೇ ಕಡಿಮೆ ಹೇಳಿತು! ಯಾವುದು ಪ್ರಕಟವಾಗಬೇಕೆಂಬುದು ತಮ್ಮ ಕೈಯಲ್ಲಿಲ್ಲ ಎಂಬ ಅನಿಸಿಕೆಯೇ ಕಾರಣ. ಪ್ರಕಟಿಸುವ ಅಧಿಕಾರ ತಮ್ಮ ಕೈಯಲ್ಲಿದೆ ಎಂದು ಅನಿಸಿದಾಗ ಜನ ಮೈಮರೆತು ಹೇಳುತ್ತಾರೆ. ಹೇಳಿದ್ದನ್ನು ಆಮೇಲೆ ಯಾರು ಹೇಗೆ ಬಳಸುತ್ತಾರೆ ಎಂಬುದು ಮರೆತೇ ಹೋಗುತ್ತದೆ. ಸೆಟ್ಟಿಂಗ್ಸ್ ಪುಟದಲ್ಲಿ ಸಾಲುಸಾಲು ಬಟನ್ ಕಂಡಾಗ ಸಮಾಧಾನಪಡುವ ಮುಂಚೆ ಇದು ನೆನಪಿರಲಿ.

● ಎಚ್ಚರಿಕೆಯ ಆಯುಸ್ಸು ಎಷ್ಟು? ಹದಿನೈದು ಸೆಕೆಂಡ್ ಕೂಡ ಇಲ್ಲ. ‘ನಿಮ್ಮ ಉತ್ತರಗಳನ್ನು ಅಧ್ಯಾಪಕರೂ ನೋಡಬಹುದು’ ಎಂಬ ಸೂಚನೆ ಓದಿದ ವಿದ್ಯಾರ್ಥಿಗಳು ಬಾಯಿಗೆ ಬೀಗ ಹಾಕಿಕೊಂಡರು. ಸೂಚನೆಗೂ ಪ್ರಶ್ನೆಗೂ ನಡುವೆ 15 ಸೆಕೆಂಡ್ ಬಿಡುವು ಕೊಟ್ಟಾಗ ಆ ಬೀಗ ತಾನಾಗಿ ಕಳಚಿಬಿತ್ತು. 2013ರ ಅಧ್ಯಯನ ಇದು.

● ಭೇಟಿ ಕೊಡುವ ಪ್ರತಿ ಜಾಲತಾಣದ ಪ್ರೈವಸಿ ಪಾಲಿಸಿಯನ್ನೂ ಓದುತ್ತ ಕುಳಿತರೆ ಅಮೆರಿಕದ ಒಬ್ಬ ಬಳಕೆದಾರನಿಗೆ ವರ್ಷಕ್ಕೆ 200ಕ್ಕೂ ಹೆಚ್ಚು ಗಂಟೆ ಬೇಕು. ಲೆಕ್ಕ ಹಾಕಿದವರು ಅಲೀಶಿಯಾ ಮೆಕ್‌ಡೊನಾಲ್ಡ್ ಮತ್ತು ಲೋರಿ ಕ್ರೇನರ್, 2008ರಲ್ಲಿ. ಈಗಿನ ಲೆಕ್ಕ ಹಾಕಲು ಯಾರಿಗೆ ಪುರುಸೊತ್ತು!

● ಹಾಗೆಂದು ಜನರಿಗೆ ಕಾಳಜಿಯೇ ಇಲ್ಲ ಎನ್ನುವಂತಿಲ್ಲ. ಯಾವ ಆನ್‌ಲೈನ್ ಅಂಗಡಿ ಗುಟ್ಟು ಕಾಯುತ್ತದೆ ಎಂಬುದನ್ನು ಹುಡುಕಾಟದ ಪುಟದಲ್ಲೇ ಸರಳ ಚಿಹ್ನೆಗಳಲ್ಲಿ ತೋರಿಸಿದಾಗ, ಸುಮಾರು 15 ಡಾಲರಿನ ವಸ್ತುವಿಗೆ ಜನ 60 ಸೆಂಟ್‌ನಷ್ಟು ಹೆಚ್ಚು ಕೊಟ್ಟರು. ಕೊಳ್ಳಬೇಕಿದ್ದ ವಸ್ತುಗಳಲ್ಲಿ ಒಂದು ಬ್ಯಾಟರಿ. ಇನ್ನೊಂದು, ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಲು ಮುಜುಗರವಾಗುವಂಥದ್ದು. ಅದರ ಹೆಸರನ್ನು ಈ ಅಂಕಣವೂ ಖಾಸಗಿಯಾಗಿಯೇ ಇಡುತ್ತದೆ.

● ‘ಕಳೆದ 14 ದಿನಗಳಲ್ಲಿ ನೀವಿರುವ ಜಾಗದ ಮಾಹಿತಿ 5,398 ಸಲ ಹಂಚಿಕೆಯಾಗಿದೆ.’ ಕಾರ್ನೆಗಿ ಮೆಲನ್ ತಂಡದ 2015ರ ಅಧ್ಯಯನದಲ್ಲಿ ಒಂದು ಮೊಬೈಲಿಗೆ ಬಂದ ಸಂದೇಶ ಇದು. ಹೀಗೆ ಅಂಕಿ ಕಣ್ಣಿಗೆ ಬಿದ್ದ ಮೇಲೆ ಬಹುತೇಕ ಎಲ್ಲರೂ ಆ್ಯಪ್‌ಗಳಿಗೆ ಕೊಟ್ಟಿದ್ದ ಅನುಮತಿಗಳನ್ನು ತೆರೆದು ನೋಡಿದರು. ಅರ್ಧಕ್ಕಿಂತ ಹೆಚ್ಚು ಮಂದಿ ಕೆಲವನ್ನು ಕಿತ್ತುಹಾಕಿದರು. ಉಪದೇಶ ಮಾಡದ ಕೆಲಸವನ್ನು ಒಂದು ಸಾಲು ಮಾಡಿತು.

● ನಿಮ್ಮ ಬೆನ್ನು ಹತ್ತುವ ಕುಕೀಗಳಿಂದ ಜಾಲತಾಣ ನಡೆಸುವವರಿಗೆ ಎಷ್ಟು ಲಾಭ? ಅಕ್ವಿಸ್ತಿ ತಂಡ 2019ರಲ್ಲಿ ಒಂದು ದೊಡ್ಡ ಮಾಧ್ಯಮ ಸಂಸ್ಥೆಯ ಜಾಹೀರಾತುಗಳನ್ನು ಲೆಕ್ಕಹಾಕಿ ಹೇಳಿದ್ದು: ವರಮಾನ ಏರುವುದು ಸುಮಾರು ಶೇ 4. ಒಂದು ಜಾಹೀರಾತಿಗೆ 0.00008 ಡಾಲರ್. ಇಷ್ಟಕ್ಕೇ ಇಷ್ಟೆಲ್ಲ!

● ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ತೀರ್ಪಿಗೆ ಹೆಸರು ಕೊಟ್ಟ ಅರ್ಜಿದಾರರು ಕನ್ನಡಿಗರು: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಕೋರ್ಟಿನ ಮೆಟ್ಟಿಲೇರಿದಾಗ ಅವರ ವಯಸ್ಸು ಎಂಬತ್ತು ದಾಟಿತ್ತು.

● 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ನಿಂತಿರುವುದು ಬಹುಮಟ್ಟಿಗೆ ‘ಒಪ್ಪಿಗೆ’ಯ ಮೇಲೆ. ಸೂಚನೆ ಕೊಡಿ, ಒಪ್ಪಿಗೆ ಪಡೆಯಿರಿ, ಮಾಹಿತಿ ಬಳಸಿ. ಹದಿನೈದು ಸೆಕೆಂಡಿನ ಪ್ರಯೋಗವನ್ನು ಓದಿದವರಿಗೆ ಇದು ಸಾಲದು ಎಂದು ಅನಿಸದೆ ಇರದು. ಆದರೂ ಅದರ ಐದನೇ ಕಲಮಿನಲ್ಲಿ ನಮಗೆ ಬೇಕಾದದ್ದೊಂದಿದೆ: ಆ ಸೂಚನೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಎಂಟನೇ ಅನುಸೂಚಿಯಲ್ಲಿ ಕನ್ನಡವಿದೆ. ಆ ಕಲಮು ಜಾರಿಯಾದ ಮೇಲೆ ಯಾವುದಾದರೂ ಆ್ಯಪು ಬರೀ ಇಂಗ್ಲಿಷಿನಲ್ಲಿ ನಿಮ್ಮ ಒಪ್ಪಿಗೆ ಕೇಳಿದರೆ, ಒತ್ತುವ ಮುಂಚೆ ಕನ್ನಡದ ಪ್ರತಿ ಕೇಳಿ.