ಇಕ್ಕಟ್ಟಿನ ದಪ್ಪ ಅಕ್ಷರ



ಅಕ್ಷರದ ಆಕಾರವನ್ನು ಕುರಿತು ಬಾಯಿಮಾತಿನಲ್ಲಿ ಉಪನ್ಯಾಸ ಮಾಡುವುದೆಂದರೆ ಸಂಗೀತವನ್ನು ಚಿತ್ರ ಬರೆದು ತೋರಿಸಿದಂತೆಯೇ ಸರಿ. ಆದರೂ ನಾನು ಹೇಳಹೊರಟಿರುವ ಅಕ್ಷರವನ್ನು ತಾವೆಲ್ಲರೂ ಕಂಡೇ ಇದ್ದೀರಿ. ಮೈ ಕಪ್ಪಗೆ, ನಿಲುವು ನೀಳ, ಭುಜಕ್ಕೆ ಭುಜ ತಾಗಿಸಿಕೊಂಡು ನಿಂತ ಇಂಗ್ಲಿಷ್ ಅಕ್ಷರಗಳು. ಗಣಕಯಂತ್ರದಲ್ಲಿ ಅವುಗಳ ಹೆಸರು ‘ಇಂಪ್ಯಾಕ್ಟ್’. ಅಂತರಜಾಲದ ಹಾಸ್ಯಚಿತ್ರಗಳ ನೆತ್ತಿಯ ಮೇಲೂ ಪಾದದಲ್ಲಿಯೂ ಕಪ್ಪು ಅಂಚು ಕಟ್ಟಿಕೊಂಡ ಬಿಳಿಯ ಬರಹವಾಗಿ ಮೆರೆದದ್ದು ಇದೇ.

ಈ ಬಗೆಯ ಅಕ್ಷರಕ್ಕೆ ಇಂಬು ಸಿಕ್ಕಿದ್ದು ಗೋಡೆಗೆ ಅಂಟಿಸುವ ಜಾಹೀರಾತಿನಲ್ಲಿ. ಕಾಗದದ ಅಗಲ ಇಷ್ಟೇ. ನಾಟಕದ ಹೆಸರು ಮಾತ್ರ ಬೀದಿಯ ಆಚೆಬದಿಗೂ ಕಾಣಬೇಕು. ಅಗಲಕ್ಕೆ ಬೆಳೆಯಲಾರದ ಅಕ್ಷರ, ಹಳೆಯ ಪೇಟೆಯ ಮಾಳಿಗೆಮನೆಯಂತೆ, ಎತ್ತರಕ್ಕೆ ಬೆಳೆಯಿತು. ಅಷ್ಟು ದೊಡ್ಡ ಮೊಳೆಗಳನ್ನು ಸೀಸದಲ್ಲಿ ಎರೆದರೆ ತೂಕವೂ ಹೆಚ್ಚು, ಬೆಲೆಯೂ ಹೆಚ್ಚು. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1827ರಲ್ಲಿ ಮರದ ಮೊಳೆಗಳನ್ನು ಯಂತ್ರದಿಂದ ಕೊರೆಯುವ ಮಾರ್ಗವನ್ನು ಕಂಡುಕೊಂಡ ಮೇಲೆ ಭಿತ್ತಿಪತ್ರಗಳಿಗೆ ದೊಡ್ಡ ಅಕ್ಷರ ಅಗ್ಗವಾಯಿತು.

‘ಇಂಪ್ಯಾಕ್ಟ್’ ಆ ವಂಶದ ತಡವಾಗಿ ಹುಟ್ಟಿದ ಕೂಸು. ಜೆಫ್ರಿ ಲೀ ಎಂಬ ಆಂಗ್ಲ ವಿನ್ಯಾಸಕ ಇದನ್ನು ರಚಿಸಿದ. ಶೆಫೀಲ್ಡಿನ ಸ್ಟೀಫನ್‌ಸನ್ ಬ್ಲೇಕ್ ಎಂಬ ಎರಕಶಾಲೆ 1965ರಲ್ಲಿ ಲೋಹದ ಮೊಳೆಯಾಗಿ ಹೊರತಂದಿತು. ಕಾಲ ಅನುಕೂಲವಾಗಿರಲಿಲ್ಲ. 1963ರಲ್ಲಿಯೇ ಫ್ರೆಡ್ ಲ್ಯಾಂಬರ್ಟನ ‘ಕಂಪ್ಯಾಕ್ಟ’ ಎಂಬ ಇಂಥದೇ ಅಕ್ಷರ ಲೆಟ್ರಾಸೆಟ್ ಹಾಳೆಗಳಲ್ಲಿ ಬಂದಿತ್ತು. ಹಾಳೆಯನ್ನು ಮೇಲಿನಿಂದ ಉಜ್ಜಿದರೆ ಅಕ್ಷರ ಕಾಗದಕ್ಕೆ ಹತ್ತಿಕೊಳ್ಳುತ್ತಿತ್ತು. ಸೀಸವೂ ಬೇಡ, ಮೊಳೆ ಜೋಡಿಸುವವನೂ ಬೇಡ. ಲೋಹದ ಮೊಳೆ ಕಣ್ಮುಚ್ಚುವ ಹೊತ್ತಿಗೆ ಹುಟ್ಟಿದ ಈ ಅಕ್ಷರ ಲೋಕವಿಖ್ಯಾತವಾದದ್ದು 1996ರಲ್ಲಿ ಮೈಕ್ರೊಸಾಫ್ಟ್ ಸಂಸ್ಥೆ ಅಂತರಜಾಲಕ್ಕೆಂದು ಉಚಿತವಾಗಿ ಹಂಚಿದ ಕೆಲವೇ ಅಕ್ಷರಮಾಲೆಗಳಲ್ಲಿ ಒಂದಾದ್ದರಿಂದ.

ಇನ್ನು ಅದರ ಮೈಕಟ್ಟು. ಸಾಮಾನ್ಯ ಅಕ್ಷರವನ್ನು ಎರಡು ಪಕ್ಕದಿಂದ ಅದುಮಿದರೆ ಇಕ್ಕಟ್ಟಿನ ಅಕ್ಷರವಾಗುವುದೆಂದು ಹಲವರು ತಿಳಿದಿದ್ದಾರೆ. ಹಾಗೆ ಅದುಮಿದಾಗ ನಿಂತ ಗೆರೆಗಳು ಸಣ್ಣಗಾಗುತ್ತವೆ, ಮಲಗಿದ ಗೆರೆಗಳು ಇದ್ದಷ್ಟೇ ದಪ್ಪ ಉಳಿಯುತ್ತವೆ. ಫಲ, ಕಾಲು ಬಡಕಲು, ತಲೆ ಭಾರ. ನಿಜವಾದ ವಿನ್ಯಾಸದಲ್ಲಿ ಇದಕ್ಕೆ ವಿರುದ್ಧ. ನಿಂತ ಗೆರೆ ಕಂಬದಷ್ಟು ದಪ್ಪ, ಅಡ್ಡಗೆರೆ ಅದಕ್ಕಿಂತ ತೆಳು. ‘ಓ’ ಎಂಬ ಅಕ್ಷರ ದುಂಡಾಗಿರದೆ ಪಕ್ಕಗಳು ನೆಟ್ಟಗಾಗಿರುತ್ತವೆ. ಇಂಗ್ಲಿಷಿನ ಚಿಕ್ಕಕ್ಷರಗಳ ನಡು ಎತ್ತರವಾಗಿ, ಮೇಲೆ ಚಾಚುವ ಕೊಂಬುಗಳೂ ಕೆಳಗೆ ಇಳಿಯುವ ಬಾಲಗಳೂ ಮೊಟಕಾಗಿರುತ್ತವೆ. ಆದ್ದರಿಂದಲೇ ಸಾಲುಗಳನ್ನು ಒಂದರ ಮೇಲೊಂದು ಇಟ್ಟಿಗೆಯಂತೆ ಪೇರಿಸಬಹುದು. ಮಸಿ ಇಷ್ಟನ್ನೆಲ್ಲ ಆಕ್ರಮಿಸಿದ ಮೇಲೆ ಉಳಿಯುವುದು ಅಕ್ಷರದ ಹೊಟ್ಟೆಯೊಳಗಿನ ಒಂದು ಬಿಳಿಯ ಸೀಳು. ನಾವು ಓದುವುದು ಕಪ್ಪನ್ನು ಎಂದುಕೊಳ್ಳುತ್ತೇವೆ. ಈ ಜಾತಿಯ ಅಕ್ಷರದಲ್ಲಿ ಗುರುತು ಹೇಳುವುದೆಲ್ಲ ಆ ಸೀಳೇ. ವಿನ್ಯಾಸಕನ ಶ್ರಮವೂ ಬಹುಮಟ್ಟಿಗೆ ಅದನ್ನು ಬದುಕಿಸಿಕೊಳ್ಳುವುದರಲ್ಲಿಯೇ ವ್ಯಯವಾಗುತ್ತದೆ.

ಇದು ನನಗೆ ಪುಸ್ತಕದಿಂದ ತಿಳಿದುದಲ್ಲ. ಕೆಲವು ವರ್ಷಗಳ ಹಿಂದೆ ಪರೀಕ್ಷೆಯ ಶುಲ್ಕ ಕಟ್ಟುವುದನ್ನು ಕುರಿತ ಇಂಗ್ಲಿಷ್ ಪ್ರಕಟಣೆಯೊಂದನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಎಲ್ಲರೂ ಓದಲೆಂಬ ಉತ್ಸಾಹದಿಂದ ಮೊದಲಿನಿಂದ ಕೊನೆಯವರೆಗೆ ‘ಇಂಪ್ಯಾಕ್ಟ್’ನಲ್ಲಿಯೇ, ಅದೂ ಸಣ್ಣ ಗಾತ್ರದಲ್ಲಿ, ಒತ್ತೊತ್ತಾಗಿ ಜೋಡಿಸಿದೆ. ಆ ಪ್ರತಿಯಿಂದ ಪ್ರತಿ, ಅದರಿಂದ ಮತ್ತೊಂದು ಪ್ರತಿ ತೆಗೆದು ಊರಿನ ವಿದ್ಯಾರ್ಥಿನಿಲಯಗಳಿಗೆ ಹಂಚಿದರು. ಒಂದೊಂದು ಪ್ರತಿಗೂ ಕಪ್ಪು ಕೊಂಚ ಕೊಂಚ ಹಬ್ಬಿತು. ಕೊನೆಯ ದಿನಾಂಕ 3. ಮೂರರ ಎಡಗಡೆ ಇದ್ದ ಎರಡು ಬಾಯಿಗಳೂ ಮುಚ್ಚಿಹೋದವು. ಆರನೆಯ ತಾರೀಖು ಹುಡುಗನೊಬ್ಬ ಹಣ ಹಿಡಿದುಕೊಂಡು ಬಂದ. ದಿನ ಕಳೆಯಿತಲ್ಲಪ್ಪ ಎಂದೆ. ಅವನು ಮಡಿಸಿದ ಕಾಗದವನ್ನು ಬಿಚ್ಚಿ ಮೇಜಿನ ಮೇಲಿಟ್ಟು, “ಸರ್, ಇದರಲ್ಲಿ ಎಂಟು ಅಂತ ಇದೆಯಲ್ಲ” ಎಂದ. ನಾನು ಕನ್ನಡಕ ತೆಗೆದು ನೋಡಿದೆ, ಹಾಕಿಕೊಂಡು ನೋಡಿದೆ, ಎಂಟೇ. ದಂಡವನ್ನು ನಾನು ತೆತ್ತೆ. ಅನುಮತಿಗಾಗಿ ಅವನು ಎರಡು ದಿನ ಕಚೇರಿಯ ಬಾಗಿಲು ಕಾಯ್ದದ್ದನ್ನು ನಾನು ತೆರಲಾಗಲಿಲ್ಲ.

ಅಂದಿನಿಂದ ಈ ಅಕ್ಷರವನ್ನು ನಾಲ್ಕೈದು ಮಾತಿನ ತಲೆಬರಹಕ್ಕೆ ಮಾತ್ರ, ಅದೂ ದೊಡ್ಡ ಗಾತ್ರದಲ್ಲಿ, ಬಳಸುತ್ತೇನೆ. ತಾರೀಖು, ಮೊತ್ತ, ವಿಳಾಸಗಳು ಕೆಳಗೆ ಬಾಯಿ ತೆರೆದ ಸಾದಾ ಅಕ್ಷರದಲ್ಲಿ.

ಕನ್ನಡಕ್ಕೆ ಬಂದರೆ ಕಷ್ಟ ಇಮ್ಮಡಿ. ನಮ್ಮ ಅಕ್ಷರದ ಮೈ ದುಂಡು, ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತಕ್ಷರ. ಬಾಲ ಕತ್ತರಿಸಿ ಸಾಲುಗಳನ್ನು ಪೇರಿಸುವ ಲೀಯ ಉಪಾಯ ಇಲ್ಲಿ ನಡೆಯದು, ಒತ್ತನ್ನು ಕತ್ತರಿಸಿದರೆ ಪದವೇ ಹೋಯಿತು. ಜೊತೆಗೆ ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ಭೇದ ಬುಡದ ಒಂದು ಸಣ್ಣ ಸೀಳು. ದಪ್ಪ ಮಾಡುವ ಭರದಲ್ಲಿ ಅದು ಮುಚ್ಚಿದರೆ ‘ಧನಸಹಾಯ’ವೆಂದು ಹಾಕಿದ ಫಲಕ ಗೋಶಾಲೆಯದೆಂದು ತೋರೀತು. ಹಾಗೆಂದು ಕೆಲಸ ಆಗದೆ ಉಳಿದಿಲ್ಲ. ಏಕ್ ಟೈಪ್ ಎಂಬ ವಿನ್ಯಾಸಕರ ತಂಡ 2022ರಲ್ಲಿ ಹೊರತಂದ ‘ಅನೇಕ್’ ಮಾಲೆಯಲ್ಲಿ ಕನ್ನಡವೂ ಸೇರಿದೆ. ಒಂದೇ ಅಕ್ಷರ ಇಕ್ಕಟ್ಟಿನಿಂದ ವಿಶಾಲದವರೆಗೆ, ತೆಳುವಿನಿಂದ ಅತಿ ದಪ್ಪದವರೆಗೆ ಅದರಲ್ಲಿ ದೊರೆಯುತ್ತದೆ. ಅದನ್ನಾಗಲಿ ಬೇರೊಂದನ್ನಾಗಲಿ ಕಾಲೇಜಿನ ಫಲಕಕ್ಕೆ ಆರಿಸುವಾಗ ನಾನು ಮೊದಲು ‘ಧನ’ ಎಂಬ ಎರಡಕ್ಷರ ಅಚ್ಚು ಹಾಕಿಸಿ, ಗೋಡೆಗೆ ಅಂಟಿಸಿ, ಮೊಗಸಾಲೆಯ ಆ ತುದಿಗೆ ಹೋಗಿ ನಿಂತು ಓದಿನೋಡುತ್ತೇನೆ.